ಬೆಂಗಳೂರು ಕಾಂಪೋಸ್ಟು ಪದ್ಧತಿಯ ಪೂರ್ವೋತ್ತರ

ಕಸವನ್ನು ಗೊಬ್ಬರಮಾಡುವ ವಿಧಾನಗಳಲ್ಲಿ ಇಂದೂರು, ಬೆಂಗಳೂರು ಎಂಬ ಎರಡು ಊರುಗಳ ಹೆಸರು ಕೃಷಿಗ್ರಂಥಗಳಲ್ಲಿ ಜೊತೆಯಾಗಿಯೇ ಬರುತ್ತವೆ. ಎರಡನೆಯದು ಮೊದಲನೆಯದರ ಸುಲಭರೂಪವೆಂದು ಹೇಳಿಬಿಡುವುದು ವಾಡಿಕೆ. ಇದು ಪೂರ್ಣವಾಗಿ ಒಪ್ಪತಕ್ಕ ಮಾತಲ್ಲ. ಅವೆರಡರಲ್ಲಿ ದುಡಿಯುವ ಸೂಕ್ಷ್ಮಜೀವಿಗಳ ಸಮೂಹಗಳೇ ಬೇರೆ; ಆ ಭೇದಕ್ಕೆ ಕಾರಣವಾದುದು ಊರಿನ ಮಲವನ್ನು ಮುಟ್ಟುವ ಕಷ್ಟ.

ಈ ವಿಷಯದಲ್ಲಿ ಬೆಂಗಳೂರಿನ ಸಂಬಂಧ ಇನ್ನೂ ಹಿಂದಿನದು. 1914ರಲ್ಲಿ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಎಂಬವರು, ಚರಂಡಿಯ ನೀರಿಗೆ ಗಾಳಿಯೂದಿ, ತಳಕ್ಕಿಳಿದ ರೊಚ್ಚನ್ನು ಚೆಲ್ಲದೆ ಮತ್ತೆಮತ್ತೆ ಉಪಯೋಗಿಸಿದರೆ ನೀರು ಬೇಗ ಶುದ್ಧವಾಗುವುದೆಂದು ತೋರಿಸಿದರು. ಬರಿಯ ಹೊಲಸೆಂದು ಬಗೆದಿದ್ದ ರೊಚ್ಚು ಜೀವಾಣುಗಳಿಂದ ತುಂಬಿದ ದ್ರವ್ಯವೆಂಬುದು ಇದರಿಂದ ಸ್ಪಷ್ಟವಾಯಿತು. ಅವರಿಗೆ ಮಾರ್ಗದರ್ಶಕರಾಗಿದ್ದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದರು.

ಇಂದೂರಿನಲ್ಲಿ ಆಲ್ಬರ್ಟ್ ಹೋವರ್ಡರು ಯಶವಂತ ವಾಡರೊಡನೆ ನಡೆಸಿದ ಪ್ರಯೋಗಗಳ ಗ್ರಂಥ 1931ರಲ್ಲಿ ಹೊರಬಂದಿತು. ಅವರ ರಾಶಿಗೆ ಗಾಳಿಯೇ ಪ್ರಾಣ. ಗಾಳಿ ಸಾಕಷ್ಟಿದ್ದರೆ ಮೊದಲು ಸಾಧಾರಣ ಶಾಖದ ಬ್ಯಾಕ್ಟೀರಿಯಗಳು ಸಕ್ಕರೆ, ಗಂಜಿಗಳನ್ನು ತಿಂದು ರಾಶಿಯನ್ನು ಕಾಯಿಸುತ್ತವೆ; ಶಾಖವು 45 ಡಿಗ್ರಿ ಸೆಂಟಿಗ್ರೇಡನ್ನು ಮೀರಿದಂತೆ ಅವು ಹಿಂಜರಿದು, ಉಷ್ಣಪ್ರಿಯ ಜೀವಿಗಳು ತಲೆಯೆತ್ತುತ್ತವೆ. ತಾವೇ ಹುಟ್ಟಿಸಿದ ಬಿಸಿಗೆ ತಾವೇ ಬಲಿಯಾಗುವ ಈ ಸಂತತಿಗಳ ಕ್ರಮ ಸ್ವಾರಸ್ಯವಾದುದು. 55 ಡಿಗ್ರಿಗೆ ಮೇಲ್ಪಟ್ಟ ಶಾಖ ಕೆಲವು ದಿನ ನಿಂತರೆ ಬಹುತೇಕ ರೋಗಾಣುಗಳೂ ಜಂತುಹುಳುವಿನ ಗಟ್ಟಿಮೊಟ್ಟೆಗಳೂ ನಾಶವಾಗುತ್ತವೆ. ರಾಶಿ ತಣಿದಮೇಲೆ ಶಿಲೀಂಧ್ರಗಳೂ ಆಕ್ಟಿನೋಮೈಸೀಟುಗಳೂ ನಾರನ್ನು ಕರಗಿಸಲು ತೊಡಗುತ್ತವೆ. ಹದವಾದ ಗೊಬ್ಬರದ ಮಣ್ಣುವಾಸನೆ ಈ ಆಕ್ಟಿನೋಮೈಸೀಟುಗಳದೇ.

ಇದಕ್ಕಾಗಿ ರಾಶಿಯನ್ನು ತಿರುವಿಹಾಕುತ್ತಿರಬೇಕು. ಸಗಣಿ ಸೊಪ್ಪುಗಳಿಗೆ ಇದು ಸರಿ, ಮಲಕ್ಕೆ ದುಸ್ಸಾಧ್ಯ. ನೊಣದ ಕಾಟ ಬೇರೆ. 1939ರಲ್ಲಿ ವಿಜ್ಞಾನ ಮಂದಿರದ ಸಿ. ಎನ್. ಆಚಾರ್ಯರು ರೂಪಿಸಿದ ಕ್ರಮದಲ್ಲಿ ಕಸ, ಮಲಗಳನ್ನು ಗುಂಡಿಯಲ್ಲಿ ಪದರಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ, ತಿರುವದೆ ಬಿಡುತ್ತಾರೆ. ಮೊದಲ ಎಂಟುಹತ್ತು ದಿನ ಗಾಳಿಯ ಜೀವಿಗಳು ಕಾಯಿಸುತ್ತವೆ. ಬಳಿಕ ಗಾಳಿಯಿಲ್ಲದೆ ಬಾಳುವವು ನಿಧಾನವಾಗಿ ಕೆಲಸ ಮುಗಿಸುತ್ತವೆ. ಆರೆಂಟು ತಿಂಗಳು ಬೇಕು. ಕೂಲಿಯೂ ನೊಣವೂ ಕಡಮೆ; ರೋಗಾಣುನಾಶಕ್ಕೆ ಶಾಖದಷ್ಟೇ ಕಾಲವನ್ನೂ ನಂಬಬೇಕು.

ಆದರೆ ಗುಂಡಿಯವರೆಗೆ ಮಲವನ್ನು ತಂದವರು ಯಾರು? ಮಣ್ಣಿನ ಹೊದಿಕೆ ಗುಂಡಿಯನ್ನು ಮುಚ್ಚಿತೇ ಹೊರತು, ತಲೆಯ ಮೇಲಿನ ಬುಟ್ಟಿಯನ್ನು ಇಳಿಸಲಿಲ್ಲ. ಕರ್ನಾಟಕದಲ್ಲಿ ಮಲಹೊರುವ ಪದ್ಧತಿಯನ್ನು ನಿಷೇಧಿಸುವ ಕ್ರಮವನ್ನು 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕೈಕೊಂಡರು, ಕೇಂದ್ರದ ಕಾನೂನುಗಳು ಬಂದುದು 1993ರಲ್ಲಿ, ಮತ್ತೆ 2013ರಲ್ಲಿ. ಗೊಬ್ಬರದ ಚರಿತ್ರೆಗಳಲ್ಲಿ ಈ ಅಧ್ಯಾಯ ಬಹುಮಟ್ಟಿಗೆ ಬಿಟ್ಟುಹೋಗಿದೆ.

ಒಳಚರಂಡಿ ಬಂದ ನಗರಗಳಲ್ಲಿ ಈಗ ದೊರೆಯುವುದು ಶುದ್ಧೀಕರಣಸ್ಥಾನದ ರೊಚ್ಚು. ಅದರಲ್ಲಿ ನೀರೂ ಸಾರಜನಕವೂ ಹೆಚ್ಚು, ಗಾಳಿಗೆ ಎಡೆಯಿಲ್ಲ. ಮನೆಯ ಹಸಿಕಸವೊಂದೇ ಆ ಕೊರತೆಯನ್ನು ತುಂಬಲಾರದು, ಒಣ ಎಲೆಯೋ ಮರದ ಚೂರೋ ಬೇಕು. ರಾಶಿಯನ್ನು ಯಂತ್ರ ತಿರುವುತ್ತದೆ. ಹೀಗಾಗಿ ಕ್ರಮವು ಇಂದೂರಿನ ಕಡೆಗೇ ಮರಳಿದೆ.