ಸ್ಪೊಮೆನಿಕ್ ಯಾರಿಗೆ?

ಎರಡಂಚಿಗೂ ಕಪ್ಪು ಗೆರೆಯಿರುವ ಹಸಿರು ಪಟ್ಟಿ. ಅದರ ತುದಿಗೆ ಎರಡು ತಲೆಯ ಹದ್ದು, ಹದ್ದಿನ ಎದೆಯ ಮೇಲೆ ಒಬ್ಬ ರಾಜಕುಮಾರನ ಮುಖ. (ಎರಡು ತಲೆ ಎಂದೊಡನೆ ನಮಗೆ ಗಂಡಭೇರುಂಡ ಕಣ್ಣ ಮುಂದೆ ಬರುತ್ತದೆ, ಇದು ಬೈಜಾಂಟಿಯಂ ಕಡೆಯಿಂದ ಬಂದ ಹಕ್ಕಿ.) ಅದರ ಮೇಲೆ ಸಿರಿಲಿಕ್ ಅಕ್ಷರಗಳಲ್ಲಿ ಮೂರು ಪದ: ‘ಸ್ವೊಯಿಮ್ ರಾತ್ನಿಮ್ ದ್ರುಗೊವಿಮಾ’. ಆಮೇಲೆ ಸಹಿಯಂತೆ ‘ಅಲೆಕ್ಸಾಂಡರ್’. ತನ್ನ ಯುದ್ಧದ ಒಡನಾಡಿಗಳಿಗೆ, ಅಲೆಕ್ಸಾಂಡರ್. ಪದಕದ ಬೆನ್ನಿಗೆ ‘ಪಿತೃಭೂಮಿಯ ನಿಷ್ಠೆಗೆ, 1915’ ಎಂದಿದೆ.

ಈ ಪದಕವನ್ನು ಸರ್ಬಿಯಾದ ಜನ ‘ಆಲ್ಬಾನ್ಸ್ಕಾ ಸ್ಪೊಮೆನಿತ್ಸಾ’ ಎನ್ನುತ್ತಾರೆ. 1915ರ ಶರತ್ಕಾಲದಲ್ಲಿ ಜರ್ಮನಿ, ಆಸ್ಟ್ರಿಯಾ-ಹಂಗೇರಿ, ಬಲ್ಗೇರಿಯಾ ಮೂರೂ ಸೇರಿ ಸರ್ಬಿಯಾದ ಮೇಲೆ ಬಿದ್ದಾಗ ಅಲ್ಲಿನ ಸೈನ್ಯ ಶರಣಾಗಲಿಲ್ಲ. ಮುದಿ ರಾಜ ಪೀಟರನನ್ನೂ ನಿರಾಶ್ರಿತರನ್ನೂ ಜೊತೆಗಿಟ್ಟುಕೊಂಡು, ಹಿಮ ಬೀಳುವ ಚಳಿಯಲ್ಲಿ ಅಲ್ಬೇನಿಯಾ ಮತ್ತು ಮಾಂಟೆನೆಗ್ರೊ ಬೆಟ್ಟಗಳನ್ನು ದಾಟಿ ಏಡ್ರಿಯಾಟಿಕ್ ತೀರ ಸೇರಿತು. ಹಸಿವು, ಚಳಿ, ಟೈಫಸ್ ದಾರಿಯುದ್ದಕ್ಕೂ ಜೀವ ತೆಗೆದವು. ಮಿತ್ರರಾಷ್ಟ್ರಗಳ ಹಡಗುಗಳು ಉಳಿದವರನ್ನು ಕಾರ್ಫು ದ್ವೀಪಕ್ಕೆ ಮುಟ್ಟಿಸಿದ ಮೇಲೂ ಸಾವು ನಿಲ್ಲಲಿಲ್ಲ. ಪಕ್ಕದ ವಿದೊ ಎಂಬ ಪುಟ್ಟ ದ್ವೀಪದಲ್ಲಿ ಹೂಳಲು ಜಾಗ ಸಾಲದೆ ಹೆಣಗಳನ್ನು ಸಮುದ್ರಕ್ಕೇ ಬಿಟ್ಟರು. ಬದುಕಿ ಬಂದವರಿಗೆಂದು 1920ರಲ್ಲಿ ಈ ಪದಕ ಹುಟ್ಟಿತು.

ಅಲ್ಲಿ ಪದಕಗಳಿಗೇನೂ ಬರವಿರಲಿಲ್ಲ. 1904ರಲ್ಲಿ ಸ್ಥಾಪನೆಯಾದ ಕರಾಜೊರ್ಜೆ ನಕ್ಷತ್ರವಿತ್ತು. ಕೊಸೊವೊ ಕದನದ ಕಥಾನಾಯಕ ಮಿಲೋಶ್ ಒಬಿಲಿಚ್‌ನ ಹೆಸರಿನ ಶೌರ್ಯಪದಕವಿತ್ತು. ಅವೆಲ್ಲ ‘ನೀನೇನು ಮಾಡಿದೆ?’ ಎಂದು ಕೇಳುವಂಥವು. ಸ್ಪೊಮೆನಿತ್ಸಾ ಕೇಳುವುದು ‘ನೀನು ಅಲ್ಲಿದ್ದೆಯಾ?’ ಎಂದಷ್ಟೇ. ಈ ಪ್ರಶ್ನೆಯ ಮುಂದೆ ಸೇನಾಪತಿಯೂ ಅಡುಗೆಯವನೂ ಒಂದೇ ಸಾಲು.

ಪದದ ಒಳಗೇ ಇದಕ್ಕೆ ಕಾರಣವಿದೆ. ‘ಸ್ಪೊಮೆನ್’ ಎಂದರೆ ನೆನಪು. ಅದಕ್ಕೆ ‘-ಇಕ್’ ಸೇರಿದರೆ ಸ್ಪೊಮೆನಿಕ್, ನೆನಪಿಗೆ ನೆಟ್ಟ ಕಲ್ಲು. ‘-ಇತ್ಸಾ’ ಸೇರಿದರೆ ಸ್ಪೊಮೆನಿತ್ಸಾ, ನೆನಪಿಗೆ ಎದೆಗೆ ಚುಚ್ಚಿಕೊಂಡ ಪದಕ. ಮುಂದಿನ ಉಪಸರ್ಗಗಳನ್ನು ಕಳಚಿದರೆ ಉಳಿಯುವುದು ‘ಮೆನ್’, ಯೋಚಿಸು ಎಂಬರ್ಥದ ಹಳೆಯ ಇಂಡೋ-ಯುರೋಪಿಯನ್ ಧಾತು. ಸಂಸ್ಕೃತದಲ್ಲಿ ಅದೇ ಮನಸ್, ಅದೇ ಮತಿ. ಲ್ಯಾಟಿನ್ನಿನಲ್ಲಿ ಅದೇ ಮೊನುಮೆಂಟುಮ್. ಸರ್ಬಿಯನ್ ಭಾಷೆಯ ‘ಪಾಮೆತ್’ ಎಂಬ ಪದದ ಬಾಲಕ್ಕೂ ನಮ್ಮ ‘ಮತಿ’ಗೂ ರಚನೆಯೇ ಒಂದು. ರಷ್ಯನ್ನರಿಗೆ ‘ಪಾಮ್ಯತ್’ ಎಂದರೆ ನೆನಪು, ಸರ್ಬಿಯನ್ನರಿಗೆ ‘ಪಾಮೆತ್’ ಎಂದರೆ ಬುದ್ಧಿ. ನಾವು ಕಲ್ಲಿಗೆ ‘ಸ್ಮಾರಕ’ ಎಂದೆವು. ಅದು ಸ್ಮೃ ಧಾತುವಿನ ಕೂಸು, ಬೇರೆ ಮನೆತನ. ಮನ್ ಧಾತುವಿನ ‘ಮಾನ’ದಿಂದ ಬಂದ ‘ಸನ್ಮಾನ’ ಮಾತ್ರ ಶಾಲು, ಹಾರ, ಹಣ್ಣಿನ ಬುಟ್ಟಿಗಳೊಡನೆ ನಮ್ಮ ಸಭಾಭವನಗಳಲ್ಲಿ ಬಿಡುವಿಲ್ಲದೆ ದುಡಿಯುತ್ತಿದೆ. ಅದಕ್ಕೂ ಸ್ಪೊಮೆನಿತ್ಸಾಕ್ಕೂ ದೂರದ ನೆಂಟಸ್ತನವುಂಟು.

ಈ ಕುಟುಂಬ ದೊಡ್ಡದು. ‘ಪೊಮೆನ್’ ಎಂದರೆ ಸತ್ತವರ ಹೆಸರಿನಲ್ಲಿ ಚರ್ಚಿನಲ್ಲಿ ನಡೆಯುವ ಪ್ರಾರ್ಥನೆ. ಆಗ ಬೇಯಿಸಿದ ಸಿಹಿ ಗೋಧಿ ಹಂಚುತ್ತಾರೆ. ‘ಸ್ಪೊಮೆನಾರ್’ ಎಂದರೆ ಶಾಲೆಯ ಹುಡುಗಿಯರು ಗೆಳತಿಯರಿಂದ ಎರಡು ಸಾಲು ಬರೆಸಿಟ್ಟುಕೊಳ್ಳುವ ಪುಸ್ತಕ. ‘ಸ್ಪೊಮೆನಾಕ್’ ಒಂದು ಸಣ್ಣ ನೀಲಿ ಹೂವು. ಊರೂರಿನಲ್ಲಿ ಮಡಿದವರ ಹೆಸರು ಕೊರೆದ ನೀರಿನ ಕಟ್ಟೆಗಳಿವೆ. ಅವಕ್ಕೆ ‘ಸ್ಪೊಮೆನ್-ಚೆಸ್ಮಾ’ ಎನ್ನುತ್ತಾರೆ. ಚೆಸ್ಮಾ ತುರ್ಕರ ಕಾಲದಲ್ಲಿ ಹೋದ ಪದ, ಮೂಲ ಪಾರಸಿಯ ಚಶ್ಮ: ಕಣ್ಣು ಎಂಬುದರಿಂದ ಹುಟ್ಟಿ ನೀರಿನ ಬುಗ್ಗೆಯಾದದ್ದು. ಅದೇ ಪಾರಸಿ ಕಣ್ಣು ನಮ್ಮ ಉತ್ತರ ಕರ್ನಾಟಕದಲ್ಲಿ ಚಸ್ಮಾ ಆಗಿ ಮೂಗಿನ ಮೇಲೆ ಕೂತಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಪೊಮೆನಿಕ್ ಕಾಗದವೂ ಆಗಿತ್ತು. ಮೆದೊ ಪುತ್ಸಿಚ್ ಎಂಬ ದುಬ್ರೊವ್ನಿಕ್ ಊರಿನ ಕವಿ ಅಲ್ಲಿನ ದಫ್ತರಖಾನೆಯ ಹಳೆಯ ಪತ್ರಗಳನ್ನು 1858ರಲ್ಲಿ ಬೆಲ್‌ಗ್ರೇಡಿನಿಂದ ‘ಸ್ಪೊಮೆನಿತ್ಸಿ ಸರ್ಪ್‌ಸ್ಕಿ’ ಎಂದೇ ಅಚ್ಚುಹಾಕಿಸಿದ. 1888ರಿಂದ ಸರ್ಬಿಯಾದ ರಾಜ ಅಕಾಡೆಮಿ ಐತಿಹಾಸಿಕ ದಾಖಲೆಗಳಿಗೆಂದು ಹೊರಡಿಸಿದ ಮಾಲಿಕೆಯ ಹೆಸರೂ ‘ಸ್ಪೊಮೆನಿಕ್’. ಕಲ್ಲೋ ಹಾಳೆಯೋ ಲೋಹವೋ ಎಂಬುದನ್ನು ಈ ಪದ ಲೆಕ್ಕಕ್ಕೆ ಇಟ್ಟುಕೊಂಡದ್ದೇ ಇಲ್ಲ. ಅದು ಲೆಕ್ಕಕ್ಕಿಟ್ಟದ್ದು ಬೇರೆಯೇ, ಅದಕ್ಕೆ ಬರುತ್ತೇನೆ.

ಪಶ್ಚಿಮ ಸರ್ಬಿಯಾದ ದ್ರಾಗಾಚೆವೊ ಸೀಮೆಯಲ್ಲಿ ದಾರಿ ಬದಿಗೆ ನಿಂತ ಕಲ್ಲುಗಳಿವೆ. ‘ಕ್ರಾಯ್ ಪುತಾ’ ಎಂದರೆ ದಾರಿಯ ಅಂಚು. ಹಾಗಾಗಿ ಇವು ‘ಕ್ರಾಯ್‌ಪುತಾಶಿ’. ದೂರದ ಯುದ್ಧಕ್ಕೆ ಹೋಗಿ ಹೆಣವೂ ಮನೆಗೆ ಬಾರದ ಸೈನಿಕರಿಗೆ ಅಪ್ಪನೋ ಅಣ್ಣನೋ ನಿಲ್ಲಿಸಿದವು. ಊರ ಕಲ್ಲುಕುಟಿಗನಿಗೆ ಮುಖದ ಹೋಲಿಕೆ ತರುವ ಹಟವಿಲ್ಲ. ಕಣ್ಣು, ಮೀಸೆ ಎಲ್ಲರಿಗೂ ಒಂದೇ ಥರ. ಸಮವಸ್ತ್ರಕ್ಕೆ ಬಂದಾಗ ಮಾತ್ರ ಅವನ ಉಳಿ ಎಚ್ಚರಗೊಳ್ಳುತ್ತದೆ. ಅಂಗಿಯ ಗುಂಡಿಗಳ ಸಾಲು, ನಡುಪಟ್ಟಿ, ಎದೆಯ ಮೇಲಿನ ಪದಕ, ಕೈಯ ಬಂದೂಕು ಎಲ್ಲವನ್ನೂ ಕೊರೆದು ಬಣ್ಣ ಹಚ್ಚುತ್ತಾನೆ. ಕೊನೆಗೆ ಸ್ಪೊಮೆನಿತ್ಸಾದಂಥ ಪದಕವೊಂದು ಸ್ಪೊಮೆನಿಕ್‌ನ ಎದೆಗೇ ಏರಿದೆ. ಕೆಳಗಿನ ಬರಹ ದಾರಿಹೋಕನನ್ನು ಕರೆದು ನಿಲ್ಲಿಸಿ, ಇಂಥವನ ಮಗ, ಇಂಥ ಊರು, ಇಂಥ ಕಡೆ ಬಿದ್ದ ಎಂದು ಹೇಳುತ್ತದೆ. ನಮ್ಮ ವೀರಗಲ್ಲುಗಳಲ್ಲಿ ಸತ್ತವನು ಮೇಲಿನ ಪಟ್ಟಿಕೆಗೆ ಏರಿ ಸ್ವರ್ಗ ಸೇರುತ್ತಾನೆ. ಇಲ್ಲಿನವನು ದಾರಿಯಲ್ಲೇ ನಿಂತಿದ್ದಾನೆ, ಯಾರಾದರೂ ಓದಲಿ ಎಂದು.

ಈಗ ಆ ಇನ್ನೊಂದು ಲೆಕ್ಕ. ಬೆಲ್‌ಗ್ರೇಡಿನ ಹೊರವಲಯದ ಆವಾಲಾ ಬೆಟ್ಟದ ನೆತ್ತಿಯಲ್ಲಿ ಇವಾನ್ ಮೆಶ್ತ್ರೊವಿಚ್ ಕಟ್ಟಿದ ಕಪ್ಪುಕಲ್ಲಿನ ಸ್ಮಾರಕವಿದೆ. 1934ರಿಂದ 1938ರವರೆಗೆ ಕಟ್ಟಿದ್ದು. ಯುಗೊಸ್ಲಾವಿಯಾದ ಬೇರೆ ಬೇರೆ ಸೀಮೆಗಳ ಉಡುಗೆ ತೊಟ್ಟ ಎಂಟು ಹೆಂಗಸರು ಕಂಬಗಳಾಗಿ ಅದರ ಬಾಗಿಲು ಕಾಯುತ್ತಾರೆ. ಹೆಸರು ‘ಸ್ಪೊಮೆನಿಕ್ ನೆಜ್ನಾನೊಮ್ ಯುನಾಕು’. ಇದನ್ನು ಬಿಡಿಸಿ ನೋಡುವ ಆಸೆ ತಡೆಯಲಾರೆ. ‘ನೆಜ್ನಾನ್’ ಎಂಬುದರಲ್ಲಿ ಸಂಸ್ಕೃತದ ಜ್ಞಾ ಧಾತುವೂ ನಿಷೇಧದ ಉಪಸರ್ಗವೂ ಇವೆ. ನಮ್ಮ ‘ಅಜ್ಞಾತ’ದ ಎರಡು ತುಂಡುಗಳೇ ಅವು. ‘ಯುನಾಕ್’ ಇಂದು ವೀರ. ಹುಟ್ಟಿದ್ದು ಎಳೆಯ ಎಂಬರ್ಥದಿಂದ, ‘ಯುವಕ’ನ ಬಳಗ. ‘ಮನಸ್ಸು, ಅಜ್ಞಾತ, ಯುವಕ’ ಎಂದು ಒಂದೊಂದಾಗಿ ಕೇಳಿಸತೊಡಗುತ್ತವೆ. ಕೊನೆಯಲ್ಲಿರುವ ‘-ಒಮ್’, ‘-ಉ’ ಪ್ರತ್ಯಯಗಳು ಚತುರ್ಥಿ ವಿಭಕ್ತಿ, ನಮ್ಮ ‘-ಗೆ’. ಅಜ್ಞಾತ ವೀರನಿಗೆ.

ಪದಕದ ಮೇಲಿನ ಆ ಮೂರೂ ಪದಗಳಿಗೆ ಇದೇ ವಿಭಕ್ತಿ ಅಂಟಿತ್ತು. ಸ್ಪೊಮೆನಿಕ್ ಎಂದರೆ ಕಿವಿ ‘ಯಾರಿಗೆ?’ ಎಂದು ಕಾಯುತ್ತದೆ. ಉತ್ತರ ಬರುವತನಕ ಮಾತು ಅರ್ಧವೇ. ಬೆಲ್‌ಗ್ರೇಡಿನ ಕಲೆಮೆಗ್ದಾನ್ ಕೋಟೆಯ ಉದ್ಯಾನದಲ್ಲಿ 1930ರಲ್ಲಿ ನಿಂತ, ಮೆಶ್ತ್ರೊವಿಚ್‌ನದೇ ಇನ್ನೊಂದು ಶಿಲ್ಪ ಫ್ರಾನ್ಸ್‌‘ಗೆ’ ಕೃತಜ್ಞತೆಯ ಸ್ಪೊಮೆನಿಕ್.

ಆವಾಲಾದಲ್ಲಿ ಒಂದು ವಿಪರ್ಯಾಸವೂ ನಡೆಯಿತು. ಅದೇ ನೆತ್ತಿಯಲ್ಲಿ ಝರ್ನೊವ್ ಎಂಬ ಮಧ್ಯಯುಗದ ಕೋಟೆ ಪಾಳುಬಿದ್ದಿತ್ತು. ಹಳೆಯ ಕೋಟೆ, ಮಠಗಳಿಗೂ ಆ ಭಾಷೆಯಲ್ಲಿ ಹೆಸರು ‘ಸಂಸ್ಕೃತಿಯ ಸ್ಪೊಮೆನಿಕ್’. ಹೊಸದಕ್ಕೆ ಜಾಗ ಮಾಡಲು 1934ರಲ್ಲಿ ಹಳೆಯದನ್ನು ಡೈನಮೈಟ್ ಇಟ್ಟು ಉಡಾಯಿಸಿದರು.

ಎರಡನೇ ಮಹಾಯುದ್ಧ ಪದವನ್ನು ಮತ್ತೆ ದುಡಿಸಿಕೊಂಡಿತು. 1941ರ ಅಕ್ಟೋಬರ್‌ನಲ್ಲಿ ಕ್ರಾಗುಯೆವಾತ್ಸ್ ಪಟ್ಟಣದಲ್ಲಿ, ಸತ್ತ ಒಬ್ಬ ಜರ್ಮನ್ ಸೈನಿಕನಿಗೆ ನೂರು, ಗಾಯಗೊಂಡವನಿಗೆ ಐವತ್ತು ಜೀವ ಎಂಬ ಲೆಕ್ಕದಲ್ಲಿ ಸುಮಾರು 2,800 ಜನರನ್ನು ಗುಂಡಿಟ್ಟು ಕೊಂದರು. ತರಗತಿಗಳಿಂದ ಎಳೆದೊಯ್ದ ಶಾಲೆಯ ಹುಡುಗರೂ ಮೇಷ್ಟ್ರುಗಳೂ ಅವರಲ್ಲಿದ್ದರು. ಅಲ್ಲಿ 1963ರಲ್ಲಿ ಮಿಯೊದ್ರಾಗ್ ಝಿವ್ಕೊವಿಚ್ ಎಂಬ ಶಿಲ್ಪಿ ಮುರಿದ ರೆಕ್ಕೆಗಳಂಥ ಬಿಳಿಯ ರೂಪವೊಂದನ್ನು ನಿಲ್ಲಿಸಿದ. ಹತ್ತಿರ ಹೋದರೆ ಕಾಂಕ್ರೀಟಿನೊಳಗಿಂದ ಮುಖಗಳು, ಮೈಗಳು ಹೊರಚಾಚುತ್ತವೆ. ಪ್ರವಾಸಿಗರಿಗೆ ಅದು ‘ಕಡಿದುಬಿದ್ದ ಹಾರಾಟ’. ಅಧಿಕೃತ ಹೆಸರಿನಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿಗಳಿಗೆ ಮತ್ತು ಅಧ್ಯಾಪಕರಿಗೆ ಸ್ಪೊಮೆನಿಕ್.

ಪದಕವೂ ಹೊಸ ಧಣಿಯ ಕೈಗೆ ಹೋಯಿತು. 1941ರಲ್ಲೇ ಹೋರಾಟಕ್ಕೆ ಧುಮುಕಿದ, ಕಮ್ಯುನಿಸ್ಟ್ ನಾಯಕ ಟಿಟೊನ ಬೆಂಬಲಿಗರಿಗೆ ‘ಪಾರ್ತಿಜಾನ್ಸ್ಕಾ ಸ್ಪೊಮೆನಿತ್ಸಾ 1941’ ಸಿಕ್ಕಿತು. ಪಡೆದವರು ಸುಮಾರು 27,000. ರಾಜನ ಗುರುತುಗಳನ್ನೆಲ್ಲ ಅಳಿಸಿದ ಕಮ್ಯುನಿಸ್ಟರು ಅವನ ಪದಕದ ಪದವನ್ನು ಬಿಡಲಿಲ್ಲ. ‘ದ್ರುಗ್’ ಎಂಬುದೂ ಅಷ್ಟೇ: ಅಲೆಕ್ಸಾಂಡರನ ಪದಕದಲ್ಲಿ ಒಡನಾಡಿಯಾಗಿದ್ದದ್ದು ‘ದ್ರುಗ್ ಟಿಟೊ’ ಎಂಬಲ್ಲಿ ಕಾಮ್ರೇಡ್ ಆಯಿತು. ಆದರೆ ಈ ಸ್ಪೊಮೆನಿತ್ಸಾ ಮೊದಲಿನಷ್ಟು ಸರಳವಾಗಿರಲಿಲ್ಲ. ಮೊದಲ ವರ್ಷದ ಹೋರಾಟಗಾರ ಎಂದರೆ ನಾಳಿನ ರಾಜ್ಯದಲ್ಲಿ ಮೊದಲ ಸಾಲಿನವನು. ‘ಸ್ಪೊಮೆನಿಚಾರ್’ ಎಂದರೆ ಊರಲ್ಲಿ ಗತ್ತು. ನೆನಪಿನ ಗುರುತು ಅಂತಸ್ತಿನ ಗುರುತಾಯಿತು.

ಆ ಹೊತ್ತಿಗೆ ವಿಭಕ್ತಿಯೂ ಪಲ್ಲಟಗೊಳ್ಳುತ್ತಿತ್ತು. ಕೊಜಾರಾ ಬೆಟ್ಟದಲ್ಲಿ 1972ರಲ್ಲಿ ದುಶಾನ್ ಜಾಮೊನ್ಯಾ ಕಟ್ಟಿದ್ದು ‘ಸ್ಪೊಮೆನಿಕ್ ರೆವೊಲುತ್ಸಿಯೆ’. ಇಲ್ಲಿರುವುದು ಷಷ್ಠಿ: ಕ್ರಾಂತಿಯ ಸ್ಮಾರಕ. ಪೊದ್‌ಗಾರಿಚ್‌ನ ರೆಕ್ಕೆಯಾಕಾರದ 1967ರ ಕೃತಿ, ಅದೂ ಅವನದೇ, ಮೊಸ್ಲಾವಿನಾ ಜನತೆಯ ಕ್ರಾಂತಿಯ ಸ್ಮಾರಕ. ‘ಯಾರಿಗೆ’ ಹೋಗಿ ‘ಯಾವುದರ’ ಬಂತು. ಕೊಜಾರಾದಲ್ಲಿ ಬಿದ್ದವರ ಹೆಸರುಗಳನ್ನು ಪಕ್ಕದ ಗೋಡೆಯಲ್ಲಿ ಕೊರೆದಿದ್ದಾರೆ, ಸುಳ್ಳು ಹೇಳಬಾರದು. ಆದರೂ ಸ್ಮಾರಕದ ಹೆಸರಿನಲ್ಲಿ ಮನುಷ್ಯರ ಜಾಗಕ್ಕೆ ಕ್ರಾಂತಿ ಬಂದು ಕೂತಿತು. ಇವೆಲ್ಲ ಟಿಟೊನ ಅಪ್ಪಣೆಯಿಂದ ಎದ್ದವು ಎಂಬ ಮಾತು ಹೊರಗೆ ಚಾಲ್ತಿಯಲ್ಲಿದೆ; ಬಹಳಷ್ಟು ಎದ್ದದ್ದು ಸ್ಥಳೀಯ ಯೋಧರ ಸಂಘಗಳ ಒತ್ತಾಸೆಯಿಂದ, ಸ್ಪರ್ಧೆಗಳಿಂದ, ಊರವರ ವಂತಿಗೆಯಿಂದ.

1990ರ ದಶಕದಲ್ಲಿ ಯುಗೊಸ್ಲಾವಿಯಾ ಒಡೆಯಿತು. ಕ್ರೊಯೇಷಿಯಾ ಒಂದರಲ್ಲೇ ಸುಮಾರು 3,000 ಸ್ಮಾರಕಗಳನ್ನು ಒಡೆದರು, ಕೆಡಿಸಿದರು ಇಲ್ಲವೇ ಕಿತ್ತುಹಾಕಿದರು ಎಂದು ಅಲ್ಲಿನ ಯೋಧರ ಸಂಘದವರು ಪಟ್ಟಿಮಾಡಿದ್ದಾರೆ. ಕಾಮೆನ್ಸ್ಕಾದಲ್ಲಿದ್ದ ವೊಯಿನ್ ಬಾಕಿಚ್‌ನ ಉಕ್ಕಿನ ಭಾರೀ ಶಿಲ್ಪವನ್ನು 1992ರಲ್ಲಿ ಸ್ಫೋಟಿಸಿದರು. ಪೆತ್ರೊವಾ ಗೊರಾದಲ್ಲಿ ಅವನದೇ 1981ರ ಕಟ್ಟಡದ ಸ್ಟೇನ್‌ಲೆಸ್ ಸ್ಟೀಲ್ ಹಾಳೆಗಳು ಒಂದೊಂದಾಗಿ ಕಳುವಾದವು.

ಉಳಿದವನ್ನು ಬೆಲ್ಜಿಯಂನ ಛಾಯಾಗ್ರಾಹಕ ಯಾನ್ ಕೆಂಪನಾರ್ಸ್ ಸುತ್ತಿ ಚಿತ್ರ ತೆಗೆದ. 2010ರಲ್ಲಿ ಬಂದ ಅವನ ಪುಸ್ತಕದ ಹೆಸರು ‘ಸ್ಪೊಮೆನಿಕ್’. ಮಂಜು, ಹುಲ್ಲು, ಅನ್ಯಗ್ರಹದಿಂದ ಇಳಿದಂಥ ಕಾಂಕ್ರೀಟ್, ಜನರ ಸುಳಿವಿಲ್ಲ. ಚಿತ್ರಗಳಿಗೆ ಶೀರ್ಷಿಕೆ ‘ಸ್ಪೊಮೆನಿಕ್ 1’, ‘ಸ್ಪೊಮೆನಿಕ್ 2’ ಎಂಬ ಸಂಖ್ಯೆ, ಜೊತೆಗೆ ಊರಿನ ಹೆಸರು. ಅಲ್ಲಿಂದ ಪದ ಜಗತ್ತು ಸುತ್ತತೊಡಗಿತು. ಇಂದು ಇಂಗ್ಲಿಷಿನಲ್ಲಿ ಸ್ಪೊಮೆನಿಕ್ ಎಂದರೆ ನೆನಪಲ್ಲ, ಒಂದು ವಾಸ್ತುಶೈಲಿ. ಸಂಗೀತದ ವಿಡಿಯೊಗಳಿಗೂ ಜಾಹೀರಾತುಗಳಿಗೂ ಅನುಕೂಲವಾದ ಹಿನ್ನೆಲೆ. ದಾರಿ ಬದಿಯ ಕಲ್ಲೂ ಗೋರಿಕಲ್ಲೂ ಆ ಅರ್ಥದಲ್ಲಿ ಸ್ಪೊಮೆನಿಕ್ ಅಲ್ಲವೇ ಅಲ್ಲ. ‘ಯಾರಿಗೆ’ ಇದ್ದಲ್ಲಿ ಸಂಖ್ಯೆ ಬಂದ ಮೇಲೆ ಇಷ್ಟು ಆಗಲೇಬೇಕಿತ್ತು.

ಇದರ ತಪ್ಪನ್ನೆಲ್ಲ ಹೊರಗಿನವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಬೆಲ್‌ಗ್ರೇಡಿನ ಗಣರಾಜ್ಯ ಚೌಕದಲ್ಲಿ 1882ರಿಂದ ಮಿಹೈಲೊ ದೊರೆ ಕಂಚಿನ ಕುದುರೆಯೇರಿ ನಿಂತಿದ್ದಾನೆ, ಇಟಲಿಯ ಎನ್ರಿಕೊ ಪಾತ್ಸಿ ಎರಕಕ್ಕೆ ರೂಪ ಕೊಟ್ಟವನು. ತುರ್ಕರ ಪಡೆಗಳನ್ನು ಪಟ್ಟಣಗಳಿಂದ ಹೊರಡಿಸಿದ ದೊರೆಗೆ ನಾಡು ನಿಲ್ಲಿಸಿದ ಸ್ಪೊಮೆನಿಕ್ ಅದು, ವಿಭಕ್ತಿಸಮೇತ: ‘ಸ್ಪೊಮೆನಿಕ್ ಕ್ನೇಜು ಮಿಹಾಯಿಲು’. ಊರವರು ಸಂಜೆ ಎಲ್ಲಿ ಸಿಗೋಣ ಎಂದು ಗೊತ್ತುಮಾಡಿಕೊಳ್ಳುವುದು ಅದರ ಬುಡದಲ್ಲೇ. ಫೋನಿನಲ್ಲಿ ಅವರು ಹೇಳುವುದು ಮಾತ್ರ ‘ಕೊದ್ ಕೊನ್ಯಾ’, ಕುದುರೆ ಹತ್ತಿರ.