ಅತ್ತಿಯವರ ಲಾಲ್‌ಬಾಗು

ಧಾರವಾಡದಾಗ ಇದ್ದಾಗ ನಮ್ಮನಿಯೊಳಗ ವಾಕಿಂಗ್ ಅನ್ನೋ ಶಬ್ದನ ಇರಲಿಲ್ಲ. ಸಂಜಿಕೆ ಮಳಿ ನಿಂತ್ರ ಅವ್ವ "ಒಂದ್ ಸುತ್ತು ಹೋಗಿಬರೂಣು ನಡೀರಿ" ಅಂತಿದ್ಲು. ಸಾಧನಕೇರಿ ತನಕ ಹೋಗಿ, ಕೆರಿ ನೋಡಿ, ಹೊಳ್ಳಿ ಬರೂ ಮುಂದ ಕಾಯಿಪಲ್ಯೆ ತಗೊಂಡು ಬರ್ತಿದ್ವಿ. ಲಗ್ನ ಆಗಿ ಬೆಂಗಳೂರಿಗೆ ಬಂದ ಮೊದಲನೇ ರವಿವಾರನ ಅತ್ತಿಯವರು "ಬೆಳಿಗ್ಗೆ ಆರಕ್ಕೆ ರೆಡಿಯಾಗಿರು, ಲಾಲ್‌ಬಾಗಿಗೆ ಹೋಗೋಣ" ಅಂದ್ರು. ಹೊಸಾ ಸೊಸಿ, ನಾ ಇಳಕಲ್ ಸೀರಿ ಉಟ್ಟು, ಮಲ್ಲಿಗಿ ಮುಡಕೊಂಡು ನಿಂತೆ. ಅವರು ನೋಡಿದ್ರ ನೂಲಿನ ಸೀರಿ, ಕಾಲಾಗ ಕ್ಯಾನ್ವಾಸ್ ಬೂಟು, ಕೈಯಾಗ ಮಡಚಿದ ಬಟ್ಟಿ ಚೀಲ. ನನ್ನ ಮ್ಯಾಲಿಂದ ಕೆಳಗ ಒಮ್ಮೆ ನೋಡಿದ್ರು, ಏನೂ ಅನ್ನಲಿಲ್ಲ. ಅವತ್ತು ಬಂಡಿ ಹತ್ತಿ ಇಳಿಯೂದ್ರೊಳಗ ನನ್ನ ಸೆರಗು, ನಿರಿಗಿ ಎಲ್ಲಾ ಧೂಳ ಹಿಡಿದು ಹೋಗಿತ್ತು. ಮರುವಾರ ಅವರ ಹಳೇ ಬೂಟಿನ ಜೋಡಿ ನನ್ನ ಖೋಲಿ ಬಾಗಲದಾಗ ಇತ್ತು.

ಹಂಗ ಶುರುವಾದದ್ದು ಇಪ್ಪತ್ತೆರಡು ವರ್ಷ ನಡೀತು. ಪಶ್ಚಿಮದ ಗೇಟಿನಿಂದ ಒಳಗ ಹೋಗೂದು, ಕೆರಿ ಕಡೆ ಒಂದು ಸುತ್ತು, ಗಾಜಿನ ಮನಿ ಮುಂದ ಐದು ಮಿನಿಟ್ ನಿಲ್ಲೂದು, ಮೊಳಕಾಲು ಛಲೋ ಇರೋ ತನಕ ಬಂಡಿ ಹತ್ತೂದು. ಅತ್ತಿಯವರಿಗೊಂದು ಚಟ ಇತ್ತು. ಗಿಡಗಳ ಮ್ಯಾಲೆ ಬಡದ ಹೆಸರಿನ ಫಲಕ ಇರ್ತಾವಲ್ಲ, ಅವನ್ನ ದೊಡ್ಡ ದನಿಯೊಳಗ ಓದೂದು. ಲ್ಯಾಟಿನ್ ಹೆಸರು ತಪ್ಪುತಪ್ಪಾಗಿ, ಆದ್ರ ಊರಿನ ಹೆಸರು ಖಡಾಖಂಡಿತ. "ಸಿಲ್ವರ್ ಓಕ್, ಆಸ್ಟ್ರೇಲಿಯಾ. ಗುಲ್‌ಮೊಹರು, ಮಡಗಾಸ್ಕರ್. ಜಕರಂಡ, ದಕ್ಷಿಣ ಅಮೆರಿಕ." ಒಂದಿನ ಓದಿ ಓದಿ ನಿಂತು, "ನೋಡೇ, ಇಲ್ಲಿರೋರೆಲ್ಲ ಸೊಸೆಯಂದ್ರೇ ಕಣೇ" ಅಂದು ನಕ್ಕರು. ಆಗ ನನಗ ಅಷ್ಟೇನ್ ನಗು ಬರಲಿಲ್ಲ. ಬೆಂಗಳೂರಿನ ಸಾರು ಸಿಹಿ ಅನಸ್ತಿತ್ತು, ರೊಟ್ಟಿ ಬಡಿಯೂ ಸಪ್ಪಳ ಕೇಳದ ಮುಂಜಾನೆ ಆಗ್ತಿರಲಿಲ್ಲ.

ತಿರುಗಾಟ ಮುಗಿಸಿ ಬರೂ ಮುಂದ ಚೀಲ ಬಿಚ್ಚತಿದ್ರು. ಹಾಪ್‌ಕಾಮ್ಸ್ ಅಂಗಡಿಯೊಳಗ ತರಕಾರಿ. ಬ್ಯಾರೆ ಏನ್ ತಗೊಂಡ್ರೂ ಬಿಟ್ರೂ ಸೀಮೆಬದನೆಕಾಯಿ ಬರಲೇಬೇಕು. ಮೊದಲನೇ ದಿನ "ಸೀಮೆಬದನೆಕಾಯಿ ಹೆಚ್ಚಿಡು" ಅಂದಾಗ ನಾ ಬುಟ್ಟಿ ತುಂಬ ಬದನಿಕಾಯಿ ಹುಡುಕಿದೆ. ನಮಗ ಬದನಿಕಾಯಿ ಅಂದ್ರ ಎಣಗಾಯಿ. ಈ ಹಸರು, ಗೀರುಗೀರಿನ, ಹಲ್ಲಿಲ್ಲದ ಮುದುಕಿ ಬಾಯಿ ಹಂಗ ತುದಿಯೊಳಗ ಮಡಚಿದ ಕಾಯಿ ಬದನಿ ಅಂತ ಯಾವ ಪುಣ್ಯಾತ್ಮ ಹೆಸರಿಟ್ಟನೋ! ಸಿಪ್ಪಿ ತಗದೆ, ಅಂಟು ಕೈಗೆ ಹತ್ತಿ ಒಣಗಿ ಬೆರಳಿನ ಚರ್ಮನ ಸುಲದಂಗ ಆತು. ಹೆದರಿ ಅತ್ತಿಯವರಿಗೆ ತೋರಿಸಿದೆ. "ನೀರೊಳಗೆ ಇಟ್ಕೊಂಡು ಹೆರೀಬೇಕು ಕಣೇ, ಇಲ್ಲಾ ಕೈಗೆ ಎಣ್ಣೆ ಸವರ್ಕೋ" ಅಂದ್ರು. ಅವರು ಅದರ ಪಲ್ಯ ಮಾಡ್ತಿದ್ರು, ಕೂಟು ಮಾಡ್ತಿದ್ರು, ತಗದ ಸಿಪ್ಪಿನೂ ಬಿಡದ ಹುರಿದು ಚಟ್ನಿ ಅರೀತಿದ್ರು. ಆ ಚಟ್ನಿ ಮಾತ್ರ ನಾ ಧಾರವಾಡಕ್ಕೂ ಒಯ್ದೇನಿ, ನಮ್ಮ ವೈನಿಗಳಿಗೆ ಗೊತ್ತದ.

ಕಡೀ ಕಡೀಗೆ ಬಂಡಿ ಬಿಟ್ಟಿತು, ಕೆರಿ ಬಿಟ್ಟಿತು. ಗಾಜಿನ ಮನಿ ಎದುರಿನ ಬೆಂಚಿನ ತನಕ ಹೋಗಿ ಕೂಡೂದು ಅಷ್ಟ ಉಳೀತು. ಅಂಥಾ ಒಂದು ಮುಂಜಾನೆ, ಚೀಲದಾಗಿನ ಕಾಯಿ ಒಂದು ತಗದು ಕೈಯಾಗ ತಿರುಗಿಸ್ತ, "ನಾನು ಹೋದ್ಮೇಲೆ ನನ್ನ ತಿಥಿಗೆ ಇದನ್ನ ಹಾಕಲ್ಲ ಗೊತ್ತಾ? ನನಗಿಷ್ಟವಾದ್ದು ಒಂದೂ ಎಲೆ ಮೇಲೆ ಇರಲ್ಲ" ಅಂದ್ರು. ನಾ ಸುಮ್ಮನಿರಬೇಕಿತ್ತು. "ನಾ ಹಾಕ್ತೀನಿ ಬಿಡ್ರಿ ಅತ್ತಿ" ಅಂದುಬಿಟ್ಟೆ. ಅವರು ನಕ್ಕರು. ಆದ್ರ ಕಾಯಿ ನನ್ನ ಕೈಯಾಗ ಕೊಟ್ರು.

ಅವರು ಹೋಗಿ ಹೋದ ವರ್ಷಕ್ಕ ವರುಷದ ತಿಥಿ ಬಂತು. ಭಾವನವರು ಪಟ್ಟಿ ಬರೆದು ಕಳಿಸಿದ್ರು. ಬಾಳಿಕಾಯಿ, ಹಾಗಲಕಾಯಿ, ಪಡವಲಕಾಯಿ, ಗೋರಿಕಾಯಿ, ಸಿಹಿಗುಂಬಳ. ಖಾರಕ್ಕ ಕರೀ ಮೆಣಸು, ಮೆಣಸಿನಕಾಯಿ ಮುಟ್ಟೂ ಹಂಗಿಲ್ಲ. ನಾ ಅಂಜಿಕೋತ, "ಒಂದ್ ಸೀಮೆಬದನೆಕಾಯಿ ಪಲ್ಯ..." ಅಂದೆ. "ಸೀಮೆ ತರಕಾರಿ ಅಲ್ವೇನಮ್ಮ ಅದು? ಹೆಸರಲ್ಲೇ ಇದೆಯಲ್ಲ" ಅಂದ್ರು. ಸಿಟ್ಟಿಲೆ ಅಂದದ್ದಲ್ಲ, ಪಾಪ, ತಾಯಿ ತಿಥಿ ಸರಿಯಾಗಿ ಆಗಲಿ ಅನ್ನೋದಷ್ಟ ಅವರಿಗೆ. ಮಾತು ಅಲ್ಲಿಗೇ ನಿಂತಿತು. ನನಗ ಮಾತ್ರ ನಿಲ್ಲಲಿಲ್ಲ. ಬೆಂಗಳೂರಿನ ಹೆಸರು ಹೊತ್ತ ಕಾಯಿ ಅದು! ತಮಿಳಿನವ್ರು, ತೆಲುಗಿನವ್ರು ಅದಕ್ಕ ಬೆಂಗಳೂರು ಬದನಿಕಾಯಿ ಅಂತನ ಕರೀತಾರ. ಹಂಗಿದ್ದ ಮ್ಯಾಲೆ ಇದು ಈ ಊರಿಂದ, ಹಳೇದು ಅಂತ ತೋರಿಸಿಬಿಟ್ರ ಭಾವನವರು ಒಪ್ಪಬಹುದು ಅಂತ ನಾ ಓದಲಿಕ್ಕೆ ಕೂತೆ.

ಓದಿದ್ದು ನನ್ನ ವಿರುದ್ಧನ ಆತು. ಅದನ್ನ ಮುಚ್ಚಿಡದ ಹೇಳ್ತೀನಿ.

ಲಾಲ್‌ಬಾಗು 1760ರಾಗ ಹೈದರ್ ಅಲಿ ಶುರು ಮಾಡಿಸಿದ ತೋಟ. ಆಗ ಸುಮಾರು 40 ಎಕರೆ ಇತ್ತಂತ, ಈಗ 240. ಟಿಪ್ಪು ಪರದೇಶಗಳಿಂದ ಬೀಜ, ಸಸಿ ತರಿಸಿ ಹಚ್ಚಿಸಿದ. ಅಂದ್ರ ಹೊರಗಿನ ಗಿಡ ತಂದು ಇಲ್ಲೆ ಬದುಕ್ತದೋ ಇಲ್ಲೋ ನೋಡೋ ಕೆಲಸ ಮೊದಲಿಂದನ ನಡದದ. 1799ರಾಗ ಟಿಪ್ಪು ಹೋದ ಮ್ಯಾಲೆ ತೋಟ ಕಂಪನಿ ಸರಕಾರದವರ ಕೈಗೆ ಬಂತು, ಐವತ್ತು ಅರವತ್ತು ವರ್ಷ ಆ ಕೈ ಈ ಕೈ ಅಡ್ಡಾಡ್ತು. 1856ರಾಗ ಸರಕಾರಿ ಸಸ್ಯೋದ್ಯಾನ ಆತು. ಎರಡು ವರ್ಷ ಬಿಟ್ಟು ಲಂಡನ್ನಿನ ಕ್ಯೂ ತೋಟದಿಂದ ವಿಲಿಯಂ ನ್ಯೂ ಅನ್ನೋ ತೋಟಗಾರ ನೋಡಿಕೊಳ್ಳಲಿಕ್ಕೆ ಬಂದ. ಆ ಕಾಲದಾಗ ಅಲ್ಲೆ ಒಂದು ಸಣ್ಣ ಮೃಗಾಲಯನೂ ಇತ್ತು. ನನ್ನ ಮಗಳಿಗೆ ಇದನ್ನ ಹೇಳಿದ್ರ, "ಈಗ ಯಾಕಿಲ್ಲ?" ಅಂತ ನನ್ನ ಮ್ಯಾಲೇ ಸಿಟ್ಟಾದ್ಲು.

1874ರಾಗ ಬಂದಾತ ಜಾನ್ ಕ್ಯಾಮರಾನ್. ಇವನೂ ಕ್ಯೂನಾಗ ಕಲತಾವ. 1908ರ ತನಕ, ಮೂವತ್ತನಾಲ್ಕು ವರ್ಷ ಲಾಲ್‌ಬಾಗು ನೋಡಿಕೊಂಡ. ನಾವು ಫೋಟೋ ಹೊಡಕೊಳ್ಳೋ ಗಾಜಿನ ಮನಿ ಇವನ ಕಾಲದ್ದು. ವಿಕ್ಟೋರಿಯಾ ರಾಣಿ ಮೊಮ್ಮಗ ಆಲ್ಬರ್ಟ್ ವಿಕ್ಟರ್ 1889ರ ನವೆಂಬರ್ 30ಕ್ಕ ಅದಕ್ಕ ಅಡಿಗಲ್ಲು ಹಾಕಿದ. ಈಗ ನಾವು ಅದನ್ನ ಹೂವಿನ ಪ್ರದರ್ಶನದ ಮನಿ ಅಂತೀವಿ, ಆದ್ರ ಆಗಿನ ಪ್ರದರ್ಶನದಾಗ ಹೂವಿನ ಜೋಡಿ ಹಣ್ಣು, ಕಾಯಿಪಲ್ಯೆನೂ ಇರ್ತಿದ್ದವು. ಯಾರ ಕೋಸು ದೊಡ್ಡದು, ಯಾರ ಗಜ್ಜರಿ ಉದ್ದ ಅಂತ ನೋಡೂದು. ದಂಡಿನ ಪ್ರದೇಶದಾಗಿನ ಇಂಗ್ಲಿಷರಿಗೆ ತಮ್ಮೂರಿನ ತರಕಾರಿ ಬೇಕಿತ್ತು, ಬೆಂಗಳೂರಿನ ಹವಾ ಅದಕ್ಕ ಒಗ್ಗತಿತ್ತು, ಸುತ್ತಲಿನ ಹಳ್ಳಿಯವ್ರು ಬೆಳೀಲಿಕ್ಕೆ ಕಲತ್ರು. ಲಾಲ್‌ಬಾಗು ಅವರಿಗೆಲ್ಲ ಮಾದರಿ ತೋಟ. ನಾವು ಮಕ್ಕಳನ್ನ ಆಡಲಿಕ್ಕೆ ಬಿಡೋ ಜಾಗಾ ಒಂದು ಕಾಲಕ್ಕ ಗಿಡಗಳಿಗೆ ಪರೀಕ್ಷಾ ಮಾಡೋ ಸಾಲಿ ಇದ್ದಂಗ ಇತ್ತು.

ಸೀಮೆಬದನೆಕಾಯಿ ಆ ಪರೀಕ್ಷಾದಾಗ ಪಾಸಾದದ್ದು. ಹುಟ್ಟೂರು ಮೆಕ್ಸಿಕೋ ಕಡೆ. ಅದನ್ನ ಇಲ್ಲೆ ತಂದು ಬೆಳೆಸಿದ ಹೆಸರು ಕ್ಯಾಮರಾನ್‌ನದ್ದು. ಅಂದ್ರ ಹೆಚ್ಚಂದ್ರ ಸುಮಾರು ನೂರೈವತ್ತು ವರ್ಷ ಆಗಿರಬೇಕು, ಅಷ್ಟ! ಅತ್ತಿಯವರ ಅಜ್ಜಿ ಕೂಸಿದ್ದಾಗ ಅದು ಬೆಂಗಳೂರಿನ ಅಡಗಿಮನಿಗೆ ಹೊಸಾ ಸೊಸಿ. ಭಾವನವರು ಹೇಳಿದ್ದ ಖರೆ, ಹೆಸರಿನಾಗನ ಸೀಮೆ ಅದ. (ನಮ್ಮ ಕಡೆ ಚಿಮಣಿ ಎಣ್ಣಿ ಅಂತೀವಲ್ಲ, ಇಲ್ಲೆ ಅದು ಸೀಮೆಎಣ್ಣೆ. ಹೊರಗಿಂದ ಬಂದದ್ದಕ್ಕೆಲ್ಲ ಒಂದು ಸೀಮೆ ಹಚ್ಚಿಬಿಡೂದು ಇವರ ಪದ್ಧತಿ. ನನಗೂ ಹಚ್ಚಿದ್ರೋ ಏನೋ, ನನ್ನ ಬೆನ್ನ ಹಿಂದ.)

ಸೋತು ಕೂತಾಗ ಭಾವನವರ ಪಟ್ಟಿ ಮತ್ತೊಮ್ಮೆ ನೋಡಿದೆ. ಏನೇನ್ ಬ್ಯಾಡ? ಆಲೂಗಡ್ಡಿ, ಟೊಮೆಟೊ, ಬೀನ್ಸು, ಮೆಣಸಿನಕಾಯಿ. ಎಲ್ಲಾ ಅಮೆರಿಕಾ ಖಂಡದಿಂದ ಹಡಗ ಹತ್ತಿ ಬಂದದ್ದು. ಕೋಸು ಯುರೋಪಿನವ್ರ ಕೈಯಾಗ ಬಂದದ್ದು. ವಾಸ್ಕೋ ಡ ಗಾಮಾ ಕಲ್ಲಿಕೋಟಿಗೆ ಬಂದದ್ದು 1498ರಾಗ. ಅದಕ್ಕೂ ಮೊದಲು ನಮ್ಮ ಅಡಗಿಗೆ ಖಾರ ಅಂದ್ರ ಕರೀ ಮೆಣಸು, ಅದು ನಮ್ಮ ಘಟ್ಟದ್ದ. ಅದಕ್ಕ ತಿಥಿ ಹುಳಿಗೆ ಇವತ್ತಿಗೂ ಮೆಣಸು. ಬ್ಯಾಡಗಿ ಮೆಣಸಿನಕಾಯಿ ಇಲ್ಲದ ಅಡಗಿ ಅಂದ್ರ ನಮ್ಮ ಕಡೆ ಯಾರೂ ಊಟಕ್ಕ ಕೂಡೂದಿಲ್ಲ, ಆದ್ರ ನಮ್ಮ ಮುತ್ತಜ್ಜಿಯ ಮುತ್ತಜ್ಜಿಯ ಹಿಂದಿನ ಯಾವಳೋ ಒಬ್ಬಾಕಿಗೆ ಅದರ ಹೆಸರ ಗೊತ್ತಿರಲಿಲ್ಲ.

ನನಗ ಅನಸಿದ್ದು ಇಷ್ಟ. ತಿಥಿ ಎಲಿ ಅನ್ನೋದು ಹಡಗು ಬರೂಕಿಂತ ಮೊದಲಿನ ನಮ್ಮ ಹಿತ್ತಲದ ಲೆಕ್ಕ. ವರ್ಷಕ್ಕೊಮ್ಮೆ ಹೆಣ್ಮಕ್ಕಳು ಒಲಿ ಮುಂದ ನಿಂತು ಮಾಡಿ ಉಳಿಸ್ಯಾರ. ಹಡಗಿನ ನಂತರದ ಲೆಕ್ಕ ಲಾಲ್‌ಬಾಗಿನ ಫಲಕದಾಗ ಅದ. ಅತ್ತಿಯವರು ಎರಡೂ ಕಡೆ ಇದ್ರು. ರವಿವಾರ ಫಲಕ ಓದ್ತಿದ್ರು, ತಮ್ಮತ್ತಿ ತಿಥಿಗೆ ಮಡಿ ಉಟ್ಟು ಮೆಣಸಿನ ಹುಳಿ ಕುದಿಸ್ತಿದ್ರು, ಎರಡರಾಗೂ ಒಂಚೂರೂ ತಪ್ಪತಿರಲಿಲ್ಲ. ಭಾವನವರ ಮ್ಯಾಲಿನ ಸಿಟ್ಟು ನನಗ ಅಲ್ಲೇ ಅರ್ಧ ಇಳೀತು. ಇನ್ನರ್ಧ ಯಾಕ ಇಳೀಲಿಲ್ಲ ಅಂದ್ರ, ಪಟ್ಟಿಯೊಳಗ ಸಿಹಿಗುಂಬಳ ಇತ್ತಲ್ಲ! ಅದೂ ಅಮೆರಿಕಾದ್ದ. ಹೆಸರಿನ ಹಿಂದ ಸೀಮೆ ಇಲ್ಲ ಅಂತ ಯಾವಾಗ ಒಳಗ ಹೊಕ್ಕೊಂಡಿತೋ, ಯಾರೂ ಕೇಳಿಲ್ಲ. ಇದನ್ನ ಭಾವನವರಿಗೆ ಹೇಳಲೋ ಬ್ಯಾಡೋ ಅಂತ ಎರಡು ದಿನ ಯೋಚನಿ ಮಾಡಿದೆ. ಹೇಳಿದ್ರ ಸೀಮೆಬದನೆಕಾಯಿ ಒಳಗ ಬರೂದಿಲ್ಲ, ಸಿಹಿಗುಂಬಳ ಹೊರಗ ಹೋಗ್ತದ. ಬಾಯಿ ಮುಚ್ಚಿಕೊಂಡೆ.

ತಿಥಿ ಸರಿಯಾಗಿ ಆತು. ಹುಳಿ ಛಲೋ ಆಗಿತ್ತು ಅಂತ ಭಾವನವರು ಎರಡು ಸಲ ಅಂದ್ರು. ನಾ ಎಲಿ ಬಡಿಸೂ ಮುಂದ ಎಡಗಡೆ ಮೂಲ್ಯಾಗ ಒಂದು ಜಾಗಾ ನೋಡ್ತನ ಇದ್ದೆ, ಅಲ್ಲೆ ಪಡವಲಕಾಯಿ ಬಿತ್ತು.

ಮರುದಿನ ರವಿವಾರ. ಇವರನ್ನ, ಮಗಳನ್ನ ಕರಕೊಂಡು ಲಾಲ್‌ಬಾಗಿಗೆ ಹೋದೆ. ಅತ್ತಿಯವರಿಲ್ಲದ ನಾ ಅಲ್ಲೆ ಹೋಗಿ ಒಂದು ವರ್ಷ ಆಗಿತ್ತು. ಬಂಡಿ ಹತ್ತಿದ್ವಿ. ಮ್ಯಾಲೆ ಕೆಂಪೇಗೌಡರ ಗೋಪುರದ ಹತ್ತರ ನಿಂತ್ರ ಊರು ಕಾಣ್ತದ, ಆದ್ರ ಈಗ ಕಟ್ಟಡನ ಭಾಳ. ಆ ಬಂಡಿಗೆ ಸುಮಾರು 300 ಕೋಟಿ ವರ್ಷ ಅಂತ ಫಲಕ ಅದ. ಮಗಳು ಅಜ್ಜಿ ಹಂಗ ಗಟ್ಟಿ ದನಿಯೊಳಗ ಓದಿದ್ಲು, ಸೊನ್ನಿ ಎಣಿಸಿದ್ಲು, "ಹಂಗಾದ್ರ ಇದೊಂದ ಇಲ್ಲಿಂದು, ಉಳಿದದ್ದೆಲ್ಲಾ ಆಮ್ಯಾಲೆ ಬಂದದ್ದು" ಅಂದ್ಲು. ಇವರು "ನಿಮ್ಮವ್ವ ಸೈತ" ಅಂದ್ರು. ಜಗಳಾಡೋ ಮನಸ್ಸಿರಲಿಲ್ಲ, ಬಿಟ್ಟೆ.

ಕೆಳಗ ಇಳಿದು ಗಾಜಿನ ಮನಿ ಎದುರಿನ ಬೆಂಚಿನ ಮ್ಯಾಲೆ ಕೂತಾಗ ಮಗಳಿಗೆ ಕ್ಯಾಮರಾನ್ ನಂತರದ ಕಥಿನೂ ಹೇಳಿದೆ. ಕ್ರುಂಬಿಗಲ್ ಅನ್ನೋ ಜರ್ಮನಿಯ ತೋಟಗಾರ, ಬಡೋದೆಯ ಮಹಾರಾಜರ ಹತ್ತರ ಇದ್ದಾವ 1908ರಾಗ ಇಲ್ಲಿಗೆ ಬಂದ. ಒಂದು ಗಿಡದ ಹೂವು ಉದುರೂದ್ರೊಳಗ ಇನ್ನೊಂದು ಅರಳಬೇಕು, ಬೆಂಗಳೂರಿನ ರಸ್ತೆ ವರ್ಷವಿಡೀ ಹೂವಿನಾಗ ಇರಬೇಕು ಅಂತ ಲೆಕ್ಕ ಹಾಕಿ ಸಾಲುಮರ ಹಚ್ಚಿಸಿದ. ಕೆಲಸ ಮುಗದ ಮ್ಯಾಲೂ ತನ್ನ ದೇಶಕ್ಕ ಹೋಗಲಿಲ್ಲ, 1956ರಾಗ ಇದ ಊರಾಗ ತೀರಿಕೊಂಡ. ಆಮ್ಯಾಲೆ ಬಂದ ನಮ್ಮವ್ರ ಪೈಕಿ ಮರಿಗೌಡರು ತೋಟಗಾರಿಕೆನ ರೈತರ ಮನಿ ಬಾಗಲಿಗೆ ಒಯ್ದವ್ರು. 1959ರಾಗ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಅಂತ ಶುರುವಾದದ್ದು ಬೆಳದು ಹಾಪ್‌ಕಾಮ್ಸ್ ಆದದ್ದು. ಅಂದ್ರ ಅತ್ತಿಯವರ ಬಟ್ಟಿ ಚೀಲ ಎಲ್ಲಿಂದ ಎಲ್ಲಿ ತನಕ ಹೋಗ್ತಿತ್ತೋ, ಆ ದಾರಿ ಪೂರಾ ಲಾಲ್‌ಬಾಗಿಂದ. ಮಗಳು ಅರ್ಧ ಕೇಳಿದ್ಲು, ಅರ್ಧ ಅಳಿಲು ನೋಡಿದ್ಲು.

ಮನಿಗೆ ಬಂದು ಬುಟ್ಟಿ ಸ್ವಚ್ಛ ಮಾಡ್ಲಿಕ್ಕೆ ತಗದ್ರ ತಳದಾಗ ಒಂದು ಸೀಮೆಬದನೆಕಾಯಿ. ತಿಥಿ ಗಡಬಡಿಯೊಳಗ ಮರತದ್ದು. ಮಡಚಿದ ಬಾಯಿಯಿಂದ ಹಸರು ನಾಲಗಿ ಹೊರಗ ಬಂದಿತ್ತು. ಈ ಕಾಯಿಗೆ ಒಳಗ ಒಂದ ಬೀಜ, ಅದನ್ನ ಬಿಡಿಸಿ ಬಿತ್ತೂ ಹಂಗಿಲ್ಲ, ಇಡೀ ಕಾಯಿನ ನೆಡಬೇಕು. ಮಣ್ಣು, ನೀರು ಏನೂ ಇಲ್ಲದ ತನ್ನೊಳಗಿನ ಸಾರ ತಿಂದ ಮೊಳಕಿ ಹೊಡೀತದ. ಪಲ್ಯ ಮಾಡಲಿಕ್ಕೆ ಕೈ ಬರಲಿಲ್ಲ. ಗಚ್ಚಿ ಮ್ಯಾಲೆ ಹಳೇ ಬಕೀಟಿನಾಗ ಮಣ್ಣು ತುಂಬಿ, ಮೊಳಕಿ ಕಡೆ ಸ್ವಲ್ಪ ಓರಿ ಮಾಡಿ, ಅರ್ಧ ಮ್ಯಾಲೆ ಕಾಣೂ ಹಂಗ ಇಟ್ಟೆ. ನೀವು ಇಟ್ರೂ ಹಂಗ ಇಡ್ರಿ, ಪೂರಾ ಹೂತ್ರ ಕೊಳೀತದ. ಚಪ್ಪರ ಗಟ್ಟಿ ಇರಬೇಕು, ಬಳ್ಳಿಗೆ ಕೈ ಭಾಳ ಉದ್ದ.

ಈಗದು ನಮ್ಮ ಗಚ್ಚಿ ದಾಟಿ ಬಾಜೂ ಮನಿ ಮಾಮಿಯವರ ಗ್ರಿಲ್ಲಿಗೆ ಹಬ್ಬ್ಯದ. ಮನ್ನೆ ಅವರು ಕಿಟಕಿಯೊಳಗಿಂದ "ಇದು ಯಾರ ಮನೆದೇ?" ಅಂದ್ರು. ನಮ್ಮದ್ರಿ ಅಂದೆ. "ಹಾಗಾದ್ರೆ ಈ ಕಡೆ ಬಿಟ್ಟ ಕಾಯಿ ನಂದು" ಅಂದ್ರು. ಮೊದಲನೇ ಕಾಯಿ ಅವರ ಕಡೆನ ಬಿಟ್ಟದ.