ಫಿಲಿಪ್ಪೀನ್ಸಿಗೆ ಮರಳಿದ 1911ರ ಪಿಸ್ತೂಲು

ಎರಡನೆಯ ಮಹಾಯುದ್ಧದ ಇಂಗ್ಲಿಷ್ ಚಲನಚಿತ್ರಗಳನ್ನು ನೀವು ನೋಡಿದ್ದರೆ, ಅಮೆರಿಕದ ಸೇನಾಧಿಕಾರಿಯ ಸೊಂಟದಲ್ಲಿ ತೂಗುವ ಚಪ್ಪಟೆ ಪಕ್ಕೆಗಳ ಭಾರವಾದ ಪಿಸ್ತೂಲು ನೆನಪಿರಬಹುದು. ಅದರ ಹೆಸರು ಎಂ1911. 'ಎಂ' ಎಂದರೆ ಮಾಡೆಲ್. 1911 ಅದನ್ನು ಆ ದೇಶದ ಸೇನೆ ಒಪ್ಪಿಕೊಂಡ ವರ್ಷ. ಮುಕ್ಕಾಲು ಶತಮಾನ ದುಡಿಸಿಕೊಂಡು 1985ರಲ್ಲಿ ಸೇನೆ ಅದರ ಜಾಗಕ್ಕೆ ಬೇರೊಂದು ಪಿಸ್ತೂಲನ್ನು ಆರಿಸಿತು. ಆದರೂ ಅದು ವಸ್ತುಸಂಗ್ರಹಾಲಯಕ್ಕಷ್ಟೇ ಸೀಮಿತವಾಗಲಿಲ್ಲ. ಶೂಟಿಂಗ್ ಕ್ರೀಡೆಯವರಿಗಾಗಿ ಅದರ ಪಡಿಯಚ್ಚುಗಳು ಇಂದಿಗೂ ತಯಾರಾಗುತ್ತಿವೆ. ಮೂಲ ತಯಾರಕರಾದ ಕೋಲ್ಟ್ ಕಂಪನಿಯ ಪಿಸ್ತೂಲಿನ ಸುಮಾರು ಅರ್ಧ ಬೆಲೆಗೆ ದೊರೆಯುವ ಇಂಥ ಪಡಿಯಚ್ಚುಗಳಲ್ಲಿ ಬಹು ಹೆಸರಾದವು ಬರುವುದು ಫಿಲಿಪ್ಪೀನ್ಸಿನಿಂದ.

'ಅಗ್ಗದ ವಿದೇಶಿ ನಕಲು' ಎಂದು ಮೂಗು ಮುರಿಯುವ ಮೊದಲು ಒಂದು ಸಂಗತಿ ಗಮನಿಸಿ. ಈ ಪಿಸ್ತೂಲಿನ ಕಥೆ ಆರಂಭವಾದದ್ದೇ ಫಿಲಿಪ್ಪೀನ್ಸಿನಲ್ಲಿ.

ದ್ವೀಪಗಳಲ್ಲಿ ಹುಟ್ಟಿದ ಬೇಡಿಕೆ

1898ರ ಯುದ್ಧದಲ್ಲಿ ಸ್ಪೇನನ್ನು ಸೋಲಿಸಿದ ಅಮೆರಿಕ, ಎರಡು ಕೋಟಿ ಡಾಲರ್ ತೆತ್ತು ಫಿಲಿಪ್ಪೀನ್ಸನ್ನು ತನ್ನದಾಗಿಸಿಕೊಂಡಿತು. ಮಾರಾಟವಾದ ಜನರನ್ನು ಯಾರೂ ಕೇಳಲಿಲ್ಲ. ದಕ್ಷಿಣದ ಮಿಂಡನಾವೊ ಮತ್ತು ಸುಲು ದ್ವೀಪಗಳ ಮೋರೋ ಜನ ಹೊಸ ಒಡೆಯರನ್ನು ಒಪ್ಪದೆ ಕತ್ತಿ ಹಿಡಿದು ಹೋರಾಡಿದರು. ಸೈನಿಕರ ಕೈಯಲ್ಲಿದ್ದ 0.38 ಇಂಚಿನ ರಿವಾಲ್ವರಿನ ಗುಂಡು ಹಲವು ಬಾರಿ ತಗುಲಿದರೂ ಮೋರೋ ಯೋಧರು ನುಗ್ಗಿ ಬರುತ್ತಿದ್ದರೆಂಬ ದೂರುಗಳು ವಾಷಿಂಗ್ಟನ್ ತಲಪಿದವು. 1873ರ ಮಾದರಿಯ ಹಳೆಯ 0.45 ಇಂಚಿನ ರಿವಾಲ್ವರುಗಳನ್ನು ಉಗ್ರಾಣದಿಂದ ತೆಗೆದು ಕಳುಹಿಸಬೇಕಾಯಿತು.

ಈ ಹೋರಾಟ ಸಮಬಲರ ಕಾಳಗವಾಗಿತ್ತೆಂದು ಭಾವಿಸಬೇಡಿ. 1906ರ ಮಾರ್ಚಿನಲ್ಲಿ ಬುಡ್ ದಾಹೊ ಎಂಬ ಆರಿದ ಜ್ವಾಲಾಮುಖಿಯ ಬಾಯಿಯಲ್ಲಿ ಆಶ್ರಯ ಪಡೆದಿದ್ದ ನೂರಾರು ಮೋರೋಗಳು, ಹೆಂಗಸರು ಮಕ್ಕಳೂ ಸೇರಿ, ಅಮೆರಿಕದ ಸೇನೆಯ ದಾಳಿಗೆ ಬಲಿಯಾದರು. ಪಿಸ್ತೂಲಿನ ಚರಿತ್ರೆ ಹೇಳುವಾಗ ಈ ಪುಟವನ್ನು ಹಾರಿಸಿ ಹೋಗುವುದು ನ್ಯಾಯವಲ್ಲ.

1904ರಲ್ಲಿ ಥಾಮ್ಸನ್ ಮತ್ತು ಲಗಾರ್ಡ್ ಎಂಬ ಇಬ್ಬರು ಸೇನಾಧಿಕಾರಿಗಳು ಬೇರೆ ಬೇರೆ ಗಾತ್ರದ ಗುಂಡುಗಳನ್ನು ಪರೀಕ್ಷಿಸಿದರು. ಚಿಕಾಗೊದ ಕಸಾಯಿಖಾನೆಯ ದನಗಳ ಮೇಲೂ ತೂಗುಹಾಕಿದ ಶವಗಳ ಮೇಲೂ ಗುಂಡು ಹಾರಿಸಿದರು. ಗುಂಡು ತಗುಲಿದಾಗ ಶವ ಎಷ್ಟು ತೂಗಾಡಿತೆಂದು ನೋಡಿದರು. ಸೇನೆಯ ಕೈಕೋವಿಯ ಗುಂಡು 0.45 ಇಂಚಿಗಿಂತ, ಅಂದರೆ 11.43 ಮಿಲಿಮೀಟರಿಗಿಂತ, ಕಡಿಮೆ ಇರಕೂಡದು ಎಂಬುದು ಅವರ ತೀರ್ಮಾನ.

ಒಂದು ಸರಳ ಲೆಕ್ಕ

ಈ ಗುಂಡು ಮನುಷ್ಯನನ್ನು 'ಎತ್ತಿ ಒಗೆಯುತ್ತದೆ' ಎಂಬ ನಂಬಿಕೆ ಇಂದಿಗೂ ಉಳಿದಿದೆ. ನಿಮ್ಮ ಪ್ರೌಢಶಾಲೆಯ ಭೌತವಿಜ್ಞಾನವೇ ಇದನ್ನು ಪರೀಕ್ಷಿಸಲು ಸಾಕು. ಗುಂಡಿನ ರಾಶಿ ಸುಮಾರು 14.9 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 250 ಮೀಟರ್. ಎರಡನ್ನೂ ಗುಣಿಸಿದರೆ ಸಂವೇಗ ಸುಮಾರು 3.7 ಕಿಲೋಗ್ರಾಂ ಮೀಟರ್ ಪ್ರತಿ ಸೆಕೆಂಡ್. ಈ ಸಂವೇಗವೆಲ್ಲ 60 ಕಿಲೋಗ್ರಾಂ ತೂಕದ ಮನುಷ್ಯನಿಗೆ ವರ್ಗವಾದರೂ ಅವನು ಪಡೆಯುವ ವೇಗ ಸೆಕೆಂಡಿಗೆ 6 ಸೆಂಟಿಮೀಟರ್ ಮಾತ್ರ! ನ್ಯೂಟನ್ನನ ಮೂರನೆಯ ನಿಯಮವೂ ಇದನ್ನೇ ಹೇಳುತ್ತದೆ: ಗುಂಡು ಎದುರಿನವನನ್ನು ಕೆಡವುವಷ್ಟು ತಳ್ಳುವುದಾದರೆ, ಹಾರಿಸಿದವನೂ ಹಿಂದಕ್ಕೆ ಬೀಳಬೇಕಿತ್ತು. ಗುಂಡಿನಿಂದಾಗುವ ಹಾನಿ ಅದು ಅಂಗಾಂಗಗಳಿಗೆ ಮಾಡುವ ಗಾಯದಿಂದ, ತಳ್ಳಾಟದಿಂದಲ್ಲ. ಕೆಲವೇ ಪ್ರಾಣಿಗಳ ಮೇಲೆ ನಡೆಸಿದ, ಹೋಲಿಕೆಗೆ ಸರಿಯಾದ ಏರ್ಪಾಡಿಲ್ಲದ ಆ ಪ್ರಯೋಗವನ್ನು ಇಂದಿನ ಯಾವ ವಿಜ್ಞಾನಿಯೂ ಗಟ್ಟಿ ಪುರಾವೆ ಎನ್ನಲಾರ. ಆದರೂ 0.45 ಎಂಬ ಅಂಕಿ ಗಟ್ಟಿಯಾಗಿ ನಿಂತಿತು.

ಬ್ರೌನಿಂಗನ ಜಾಣ್ಮೆ

ಅಂಕಿಯನ್ನು ಯಂತ್ರವಾಗಿಸಿದವನು ಜಾನ್ ಬ್ರೌನಿಂಗ್. 1855ರಲ್ಲಿ ಯೂಟಾದ ಆಗ್ಡೆನ್ನಿನಲ್ಲಿ ಹುಟ್ಟಿದ ಈತ ಕೋವಿ ತಯಾರಕನ ಮಗ. ಅವನ ಮುಂದಿದ್ದ ಸಮಸ್ಯೆ ಇದು: ಕಾಡತೂಸು ಸಿಡಿದಾಗ ನಳಿಗೆಯೊಳಗಿನ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 1,400 ಪಟ್ಟು ಏರುತ್ತದೆ. ಗುಂಡು ಹೊರಹೋಗಿ ಒತ್ತಡ ಇಳಿಯುವವರೆಗೆ ನಳಿಗೆಯ ಹಿಂಬಾಗಿಲು ತೆರೆಯಬಾರದು. ಆಮೇಲೆ ತಾನಾಗಿ ತೆರೆದು, ಖಾಲಿ ಕೋಶವನ್ನು ಎಸೆದು, ಹೊಸ ಕಾಡತೂಸನ್ನು ತುಂಬಿಕೊಳ್ಳಬೇಕು. ಗುಂಡು ನಳಿಗೆಯಲ್ಲಿರುವ ಅವಧಿಯೋ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು!

ಬ್ರೌನಿಂಗ್ ನಳಿಗೆಯ ಬೆನ್ನಿಗೆ ಏಣುಗಳನ್ನು ಕೊಟ್ಟು ಅದನ್ನು ಮೇಲಿನ ಸ್ಲೈಡಿಗೆ ಕೊಂಡಿ ಹಾಕಿದ. ಒದೆತಕ್ಕೆ ಎರಡೂ ಜೊತೆಯಾಗಿ ಕೆಲವು ಮಿಲಿಮೀಟರ್ ಹಿಂದೆ ಸರಿಯುತ್ತವೆ. ಅಷ್ಟರಲ್ಲಿ ಗುಂಡು ಹೊರಬಿದ್ದಿರುತ್ತದೆ. ಆಗ ನಳಿಗೆಯ ಕೆಳಗಿನ ಪುಟ್ಟ ತೂಗುಕೊಂಡಿ ಅದರ ಹಿಂತುದಿಯನ್ನು ಕೆಳಗೆ ಎಳೆಯುತ್ತದೆ. ಏಣು ಬಿಡಿಸಿಕೊಂಡು ಸ್ಲೈಡ್ ಒಂಟಿಯಾಗಿ ಹಿಂದೆ ಹೋಗುತ್ತದೆ. ಸ್ಪ್ರಿಂಗು ಅದನ್ನು ಮುಂದಕ್ಕೆ ತರುತ್ತದೆ. 1911ರ ಪರೀಕ್ಷೆಯಲ್ಲಿ 6,000 ಗುಂಡು ಹಾರಿಸಿದರೂ ಅದು ಒಮ್ಮೆಯೂ ಕೈಕೊಡಲಿಲ್ಲವೆಂದು ದಾಖಲಾಗಿದೆ. ಇಂದಿನ ಬಹುಪಾಲು ದೊಡ್ಡ ಪಿಸ್ತೂಲುಗಳು ಇದೇ ತತ್ತ್ವದ ಸಂತತಿ.

ನಕಾಶೆ ಯಾರ ಸೊತ್ತು?

ವಿನ್ಯಾಸದ ಪೇಟೆಂಟು ದೊರೆತದ್ದು 1911ರಲ್ಲಿ. ಆ ಕಾಲದ ಅಮೆರಿಕದ ಕಾನೂನಿನಲ್ಲಿ ಪೇಟೆಂಟಿನ ಅವಧಿ 17 ವರ್ಷ. ಅದಕ್ಕೂ ಮೊದಲೇ ನಾರ್ವೆ ಪರವಾನಗಿ ಪಡೆದು ಕಾಂಗ್ಸ್‌ಬರ್ಗಿನಲ್ಲಿ ಈ ಪಿಸ್ತೂಲನ್ನು ತಯಾರಿಸಿತ್ತು. ಅನಂತರ ಅರ್ಜೆಂಟೀನವೂ ತಯಾರಿಸಿತು. ಎರಡನೆಯ ಮಹಾಯುದ್ಧದಲ್ಲಿ ಇನ್ನೂ ವಿಚಿತ್ರ ನಡೆಯಿತು. ಆಗ ಈ ಪಿಸ್ತೂಲನ್ನು ಅತಿ ಹೆಚ್ಚು ತಯಾರಿಸಿದ್ದು ಬೆರಳಚ್ಚು ಯಂತ್ರದ ರೆಮಿಂಗ್ಟನ್ ರ‍್ಯಾಂಡ್ ಕಂಪನಿ! ರೈಲ್ವೆ ಸಿಗ್ನಲಿನ ಕಂಪನಿಯೊಂದು ತಯಾರಿಸಿತು. ಹೊಲಿಗೆ ಯಂತ್ರದ ಸಿಂಗರ್ ಕಂಪನಿಯೂ 500 ಮಾಡಿಕೊಟ್ಟಿತು.

ಇದು ಸಾಧ್ಯವಾದದ್ದು ಹೇಗೆ? ಉತ್ತರ ನಕಾಶೆಯಲ್ಲಿದೆ. ಒಂದು ಭಾಗದ ಉದ್ದ ಇಷ್ಟು ಎಂದು ಬರೆದರೆ ಸಾಲದು. ಎಷ್ಟರ ಮಟ್ಟಿಗೆ ಹೆಚ್ಚುಕಡಿಮೆಯಾದರೂ ನಡೆದೀತು ಎಂದೂ ಬರೆಯಬೇಕು. ಯಂತ್ರಶಾಸ್ತ್ರದವರು ಇದನ್ನು ಟಾಲರೆನ್ಸ್ ಎನ್ನುತ್ತಾರೆ. ಆ ಮಿತಿಯೊಳಗೆ ತಯಾರಾದರೆ ಒಂದು ಊರಿನ ನಳಿಗೆ ಇನ್ನೊಂದು ಊರಿನ ಸ್ಲೈಡಿಗೆ ಹೊಂದುತ್ತದೆ. ಹೀಗಿರುವಾಗ 'ಅಸಲು' ಯಾವುದು, 'ನಕಲು' ಯಾವುದು?

ಮರಿಕೀನದ ಕಾರ್ಖಾನೆ

ಈಗ ಫಿಲಿಪ್ಪೀನ್ಸಿಗೆ ಮರಳೋಣ. 1905ರಲ್ಲಿ, ಅಮೆರಿಕದ ಆಳ್ವಿಕೆಯಲ್ಲಿ, ಮನಿಲದಲ್ಲಿ ಸ್ಕ್ವೈರ್ಸ್ ಬಿಂಗಮ್ ಎಂಬ ಕ್ರೀಡಾಸಾಮಗ್ರಿಯ ಅಂಗಡಿ ತೆರೆಯಿತು. 1946ರಲ್ಲಿ ದೇಶ ಸ್ವತಂತ್ರವಾಯಿತು. ಅಂಗಡಿ ಸ್ಥಳೀಯ ಮನೆತನದ ಕೈಸೇರಿ, ಕೋವಿ ತಯಾರಿಕೆಗೆ ಇಳಿಯಿತು. ಅದರಿಂದ ಬೆಳೆದ ಸಂಸ್ಥೆಯೇ ಮರಿಕೀನದ ಆರ್ಮ್ಸ್‌ಕೋರ್. ಅಮೆರಿಕದ ಪೇಟೆಯಲ್ಲಿ ಇದರ ಪಿಸ್ತೂಲುಗಳ ಹೆಸರು 'ರಾಕ್ ಐಲೆಂಡ್ ಆರ್ಮರಿ'. ಅಮೆರಿಕ ಸೇನೆಯ ರಾಕ್ ಐಲೆಂಡ್ ಶಸ್ತ್ರಾಗಾರಕ್ಕೂ ಇದಕ್ಕೂ ಹೆಸರಿನ ಹೋಲಿಕೆ ಮಾತ್ರ.

ಬೆಲೆ ಕಡಿಮೆಯಾಗಲು ಕಾರಣಗಳು ಹಲವು. ಪೇಟೆಂಟಿನ ರಾಜಧನವಿಲ್ಲ, ಕೂಲಿ ಕಡಿಮೆ, ಹೊಳಪಿನ ಅಲಂಕಾರದ ಬದಲು ಮಾಸಲು ಬಣ್ಣದ ಫಾಸ್ಫೇಟ್ ಲೇಪ. ಇನ್ನೊಂದು ಮುಖ್ಯ ಕಾರಣ ಚೌಕಟ್ಟಿನ ತಯಾರಿಕೆ. ಉಕ್ಕಿನ ಗಟ್ಟಿಯನ್ನು ಕೊರೆಯುತ್ತ ಹೋಗುವ ಬದಲು, ಮೇಣದ ಪ್ರತಿರೂಪ ಮಾಡಿ, ಸುತ್ತ ಅಚ್ಚು ಕಟ್ಟಿ, ಮೇಣವನ್ನು ಕರಗಿಸಿ ತೆಗೆದು, ಆ ಟೊಳ್ಳಿಗೆ ಉಕ್ಕು ಎರೆಯುತ್ತಾರೆ. ಈ ಮೇಣದ ಎರಕ ನಮಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ 'ಮಾನಸೋಲ್ಲಾಸ'ದಲ್ಲಿ ಲೋಹವಿಗ್ರಹಗಳಿಗೆ ವಿವರಿಸಿದ್ದು ಇದೇ ವಿಧಾನ. ಎರಕದ ಚೌಕಟ್ಟಿನಲ್ಲಿ ಬೇಕಾದೆಡೆ ಮಾತ್ರ ಗಣಕ ನಿಯಂತ್ರಿತ ಯಂತ್ರ ನಿಖರವಾಗಿ ಕೊರೆಯುತ್ತದೆ.

ಅದೇ ದೇಶದ ಸೆಬು ದ್ವೀಪದ ದನಾವೊದಲ್ಲಿ ಇದೇ ಪಿಸ್ತೂಲನ್ನು ಅರದಿಂದ ಉಜ್ಜಿ ಕಳ್ಳತನದಲ್ಲಿ ತಯಾರಿಸುವವರೂ ಇದ್ದಾರೆ. ಅವರ ಕೈಚಳಕ ಮೆಚ್ಚುವಂಥದ್ದೇ. ಆದರೆ ಅಲ್ಲಿ ಉಕ್ಕಿನ ಗುಣಕ್ಕೆ ಖಾತರಿಯಿಲ್ಲ, ಪ್ರಮಾಣಿತ ಅಳತೆಯ ತಾಳೆಯಿಲ್ಲ, ತಯಾರಾದದ್ದು ಯಾರ ಕೈಸೇರಿತೆಂಬ ದಾಖಲೆಯೂ ಇಲ್ಲ. ನೋಡಲು ಒಂದೇ ಬಗೆ. 1,400 ವಾಯುಮಂಡಲದ ಒತ್ತಡಕ್ಕೆ ಮಾತ್ರ ವ್ಯತ್ಯಾಸ ಗೊತ್ತು. ಸಿಡಿದು ಹೋದರೆ ಕೈ ಹೋಗುವುದು ಹಾರಿಸಿದವನದು. ಕಳ್ಳದಾರಿಯಲ್ಲಿ ಮಾರಾಟವಾದರೆ ಜೀವ ಹೋಗುವುದು ಇನ್ಯಾರದೋ.

ಗುರಿಹಲಗೆಯ ಮುಂದೆ

ನಾವು ಟಿ.ವಿ.ಯಲ್ಲಿ ನೋಡುವ ಒಲಿಂಪಿಕ್ಸಿನ 10 ಮೀಟರ್ ಏರ್ ಪಿಸ್ತೂಲು ಸ್ಪರ್ಧೆಯ ಗುಂಡು ಕೇವಲ 4.5 ಮಿಲಿಮೀಟರ್. 1911ರ ಪಡಿಯಚ್ಚುಗಳ ಕಣ ಬೇರೆ. ಅದು 1976ರಲ್ಲಿ ಸ್ಥಾಪನೆಯಾದ ಐಪಿಎಸ್‌ಸಿ ಎಂಬ ಒಕ್ಕೂಟದ ಸ್ಪರ್ಧೆಗಳು. ಅವುಗಳಲ್ಲಿ ಈ ಬಗೆಯ ಪಿಸ್ತೂಲಿಗೇ 'ಕ್ಲಾಸಿಕ್' ಎಂಬ ವಿಭಾಗವಿದೆ. 1999ರಲ್ಲಿ ಈ ಒಕ್ಕೂಟದ ವಿಶ್ವಸ್ಪರ್ಧೆ ನಡೆದದ್ದು ಸೆಬುವಿನಲ್ಲಿ. ಅಲ್ಲಿ 'ಪವರ್ ಫ್ಯಾಕ್ಟರ್' ಎಂಬ ಅಳತೆಯುಂಟು: ಗ್ರೇನ್‌ನಲ್ಲಿ ಗುಂಡಿನ ರಾಶಿಯನ್ನು ಸೆಕೆಂಡಿಗೆ ಇಷ್ಟು ಅಡಿ ಎಂಬ ವೇಗದಿಂದ ಗುಣಿಸಿ ಸಾವಿರದಿಂದ ಭಾಗಿಸಬೇಕು. ಕ್ಲಾಸಿಕ್ ವಿಭಾಗದಲ್ಲಿ 170 ದಾಟಿದರೆ 'ಮೇಜರ್'. ನಮ್ಮ ಗುಂಡಿಗೆ 230 ಗ್ರೇನ್, 820 ಅಡಿ. ಉತ್ತರ 188ರ ಮೇಲೆ. ಗಮನಿಸಿದಿರಾ? ಹೆಸರು 'ಪವರ್' ಎಂದಿದ್ದರೂ ಅದು ಅಪ್ಪಟ ಸಂವೇಗ! ಹೆಚ್ಚು ಸಂವೇಗವೆಂದರೆ ಹೆಚ್ಚು ಒದೆತ. ಒದೆತವನ್ನು ತಾಳಿಕೊಂಡು ಮತ್ತೆ ಗುರಿಗೆ ಮರಳುವುದೇ ಪಂದ್ಯದ ಕಷ್ಟ. ಹಾಗಾಗಿ, ನಡುವಿನ ವಲಯದ ಹೊರಗೆ ಬಿದ್ದ ಹೊಡೆತಕ್ಕೆ 'ಮೇಜರ್' ಸ್ಪರ್ಧಿಗೆ ಹೆಚ್ಚು ಅಂಕ.

ಮೋರೋಗಳನ್ನು ತಡೆಯಲೆಂದು ಆರಿಸಿದ ಅಂಕಿ ನೂರು ವರ್ಷಗಳ ಬಳಿಕ ಅಂಕಪಟ್ಟಿಯ ನಿಯಮವಾಗಿ ಉಳಿದಿದೆ. ಅಂದು ಆ ಅಂಕಿಗೆ ಗುರಿಯಾದ ದೇಶದ ಕೆಲಸಗಾರರೇ ಇಂದು ಅದೇ ನಕಾಶೆಯಂತೆ ಪಿಸ್ತೂಲು ತಯಾರಿಸಿ ಹಳೆಯ ಒಡೆಯರ ಪೇಟೆಯಲ್ಲಿ ಮಾರುತ್ತಿದ್ದಾರೆ. ಪೇಟೆಂಟಿಗೆ ಅವಧಿಯುಂಟು, ಸಾಮ್ರಾಜ್ಯಕ್ಕೂ ಅವಧಿಯುಂಟು. ಅಳತೆಯ ವಿದ್ಯೆಯಾದರೋ ಕಲಿತವರ ಸೊತ್ತು. ಮುಂದಿನ ಸಲ ಯಾರಾದರೂ ಯಾವುದೇ ಯಂತ್ರವನ್ನು 'ಬರೀ ನಕಲು' ಎಂದು ಹಳಿದರೆ, ಅದನ್ನು ತಯಾರಿಸಿದ ದೇಶ ಯಾವುದೆಂದು ವಿಚಾರಿಸುವ ಬದಲು ಒಂದು ಪ್ರಶ್ನೆ ಕೇಳಿ: ಅದನ್ನು ಅಳೆದು ನೋಡಿದ್ದೀರಾ?